ವಯರಿನೊಳಗಿನ ಚಿಪ್ ಆಟದ ಚಿತ್ರವನ್ನು ಎಷ್ಟು ತಿದ್ದೀತು?

ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಗೇಮ್ ಕನ್ಸೋಲ್ ಈಗ ಅಪರೂಪದ ವಸ್ತುವಲ್ಲ. ಗಲ್ಫಿನಿಂದ ರಜೆಗೆ ಬಂದ ಅಣ್ಣ ತಂದ ಪ್ಲೇಸ್ಟೇಷನ್ 3, ಬೆಂಗಳೂರಿನ ಅಕ್ಕ ಹೊಸದು ಕೊಂಡಾಗ ಊರಿಗೆ ಕಳಿಸಿದ ಎಕ್ಸ್‌ಬಾಕ್ಸ್ 360, ಅದಕ್ಕೂ ಹಿಂದಿನ ಪ್ಲೇಸ್ಟೇಷನ್ 2, ಎಲ್ಲವೂ ಇನ್ನೂ ಓಡುತ್ತಿವೆ. ಆಟವನ್ನು ಇಂಟರ್‌ನೆಟ್ಟಿನಿಂದಲೇ ಹರಿಸಿ ಆಡುವ ಸೌಕರ್ಯ ನಮ್ಮ ಹಳ್ಳಿಗಳಿಗೆ ಇನ್ನೂ ದೂರ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಮಕ್ಕಳು ಆನ್‌ಲೈನ್ ತರಗತಿಯ ಸಿಗ್ನಲ್ಲಿಗಾಗಿ ರಸ್ತೆ ಬದಿಯಲ್ಲಿ ಕೊಡೆಯಡಿ ಕುಳಿತದ್ದನ್ನು ದೇಶವೇ ನೋಡಿದೆ. ಹಾಗಾಗಿ ಇಲ್ಲಿ ಡಿಸ್ಕಿಗೂ ಹಳೆಯ ಕನ್ಸೋಲಿಗೂ ಆಯುಸ್ಸು ಹೆಚ್ಚು.

ಬದಲಾದದ್ದು ಟಿವಿ. 21 ಇಂಚಿನ ಡಬ್ಬಾ ಟಿವಿ ಇದ್ದ ಜಾಗಕ್ಕೆ 43 ಅಥವಾ 55 ಇಂಚಿನ 4ಕೆ ಟಿವಿ ಬಂತು. ಹಳೆಯ ಕನ್ಸೋಲಿನ ಚಿತ್ರ ಅದರಲ್ಲಿ ಹಿಗ್ಗಿದಾಗ ಕಾರಿನ ಅಂಚು, ಕಟ್ಟಡದ ಮೂಲೆ, ವಿದ್ಯುತ್ ತಂತಿ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಆಗಲೇ ಕಣ್ಣಿಗೆ ಬೀಳುವುದು ಆ ಜಾಹೀರಾತು: ಒಳಗೇ ಚಿಪ್ ಇರುವ ಎಚ್‌ಡಿಎಂಐ ಕೇಬಲ್, ಸಿಕ್ಕಿಸಿದರೆ ಸಾಕು, ಗ್ರಾಫಿಕ್ಸ್ ಚಂದವಾಗುತ್ತದೆ! ಬೆಲೆ ಎಂಟು–ಹತ್ತು ಸಾವಿರ ರೂಪಾಯಿ. ಮಕ್ಕಳು ಕೇಳುತ್ತಾರೆ, ಅಪ್ಪ ಅಮ್ಮ ಗೊಂದಲಕ್ಕೆ ಬೀಳುತ್ತಾರೆ. ಇದು ನಿಜವೋ, ಮೋಸವೋ?

ಮೋಸವಲ್ಲ. ಆದರೆ ಆ ನಿಜದ ವ್ಯಾಪ್ತಿ ಚಿಕ್ಕದು, ಅದರ ಗಡಿ ಗೊತ್ತಿಲ್ಲದೆ ಹಣ ಹಾಕಿದವರಿಗೆ ನಿರಾಶೆ ಖಂಡಿತ. ಗಡಿ ಎಲ್ಲಿದೆ ಎಂದು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಾಮಾನ್ಯ ಕೇಬಲಿನ ಲೆಕ್ಕ

ಚಿಪ್ ಇರುವ ಕೇಬಲನ್ನೂ ಬರೀ ದುಬಾರಿ ಕೇಬಲನ್ನೂ ಒಂದೇ ಎಂದು ತಿಳಿಯುವುದು ಮೊದಲ ತಪ್ಪು. ಎಚ್‌ಡಿಎಂಐ ಮಾನದಂಡ ಹೊರಬಂದದ್ದು 2002ರ ಕೊನೆಯಲ್ಲಿ. ಸೋನಿ, ಹಿಟಾಚಿ, ಪ್ಯಾನಸೋನಿಕ್, ಫಿಲಿಪ್ಸ್, ತೋಶಿಬಾ ಮೊದಲಾದ ಕಂಪೆನಿಗಳು ಸೇರಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಚಿತ್ರವು ಸೊನ್ನೆ–ಒಂದುಗಳ ಸಾಲಾಗಿ ಹರಿಯುತ್ತದೆ. 1080ಪಿ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳಿಸಲು ಸುಮಾರು 4.5 ಗಿಗಾಬಿಟ್ ವೇಗ ಬೇಕು. 4ಕೆ ಚಿತ್ರಕ್ಕೆ ಅದೇ 18 ಗಿಗಾಬಿಟ್ ಹತ್ತಿರ ಹೋಗುತ್ತದೆ. ಕೇಬಲಿಗೆ ಆ ವೇಗ ತಾಳಿಕೊಳ್ಳುವ ಶಕ್ತಿ ಇದ್ದರೆ ಚಿತ್ರ ಇದ್ದಂತೆಯೇ ತಲುಪುತ್ತದೆ. ಇಲ್ಲದಿದ್ದರೆ ಪರದೆಯಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ, ಆಗಾಗ ಕಪ್ಪಾಗುತ್ತದೆ, ಇಲ್ಲವೇ ಚಿತ್ರವೇ ಬರುವುದಿಲ್ಲ. ಚಿನ್ನದ ಲೇಪದಿಂದ ಬಣ್ಣ ಗಾಢವಾಗುವುದಾಗಲಿ, ದಪ್ಪ ವಯರಿನಿಂದ ಅಂಚು ನಯವಾಗುವುದಾಗಲಿ ಸಾಧ್ಯವೇ ಇಲ್ಲ. ಇನ್ನೂರು ರೂಪಾಯಿಯ ಕೇಬಲಿನಲ್ಲಿ ಚಿತ್ರ ಸರಿಯಾಗಿ ಬರುತ್ತಿದ್ದರೆ ಎರಡು ಸಾವಿರದ ಕೇಬಲ್ ಅದಕ್ಕೆ ಏನನ್ನೂ ಸೇರಿಸುವುದಿಲ್ಲ.

ಚಿಪ್ ಇರುವ ಕೇಬಲಿನ ಕಥೆ ಬೇರೆ. ಅದು ಚಿತ್ರವನ್ನು ಬರೀ ಸಾಗಿಸುವುದಿಲ್ಲ, ನಡುದಾರಿಯಲ್ಲಿ ಬಿಡಿಸಿ, ತಿದ್ದಿ, ಮತ್ತೆ ಕಟ್ಟಿ ಟಿವಿಗೆ ಕೊಡುತ್ತದೆ. ಅಮೆರಿಕದ ಮಾರ್ಸೇ ಎಂಬ ಕಂಪೆನಿ ಇಂಥ ‘ಎಂಕೇಬಲ್’ನ ಗೇಮಿಂಗ್ ಆವೃತ್ತಿಯನ್ನು 2017ರಲ್ಲಿ ಮಾರುಕಟ್ಟೆಗೆ ತಂದಿತು. ನೋಡಲು ಮಾಮೂಲಿ ಎಚ್‌ಡಿಎಂಐ ವಯರು. ಟಿವಿಗೆ ಸಿಕ್ಕಿಸುವ ತುದಿಯಲ್ಲಿ ಚಿಪ್, ಅದಕ್ಕೆ ವಿದ್ಯುತ್ ಕೊಡಲು ಪಕ್ಕದಲ್ಲೊಂದು ಯುಎಸ್‌ಬಿ ಬಾಲ. 2019ರಲ್ಲಿ ಅದೇ ಕಂಪೆನಿ ಜನರಿಂದ ಮುಂಗಡ ಹಣ ಕೂಡಿಸಿ ‘ಎಂಕ್ಲಾಸಿಕ್’ ಎಂಬ ಬೆರಳುದ್ದದ ಸಾಧನವನ್ನು ತಂದಿತು. ಇರುವ ಕೇಬಲಿಗೇ ಇದನ್ನು ಜೋಡಿಸಿದರಾಯಿತು. ಬೆಲೆ ನೂರು ಡಾಲರಿನ ಆಸುಪಾಸು, ನಮಗೆ ತಲುಪುವಾಗ ಸಾಗಣೆ, ಸುಂಕ ಬೇರೆ.

ಮೆಟ್ಟಿಲು ಹುಟ್ಟುವುದು ಹೇಗೆ

720ಪಿ ಚಿತ್ರದಲ್ಲಿ ಅಡ್ಡಕ್ಕೆ 1280, ಉದ್ದಕ್ಕೆ 720, ಒಟ್ಟು 9,21,600 ಚುಕ್ಕೆಗಳು. 1080ಪಿ ಚಿತ್ರದಲ್ಲಿ ಸುಮಾರು 20.7 ಲಕ್ಷ. 4ಕೆ ಟಿವಿಯ ಪರದೆಯಲ್ಲಿ ಸುಮಾರು 83 ಲಕ್ಷ. ಪ್ಲೇಸ್ಟೇಷನ್ 3ರಿಂದ 720ಪಿಯಲ್ಲಿ ಬರುವ ಒಂದೊಂದು ಚುಕ್ಕೆಯೂ 4ಕೆ ಟಿವಿಯಲ್ಲಿ ಒಂಬತ್ತು ಚುಕ್ಕೆಗಳ ಜಾಗ ತುಂಬಬೇಕು. ಮೆಟ್ಟಿಲು ಎದ್ದು ಕಾಣಲು ಇದು ಒಂದು ಕಾರಣ.

ಮೂಲ ಕಾರಣ ಇನ್ನೂ ಒಳಗಿದೆ. ಕನ್ಸೋಲ್ ಒಂದೊಂದು ಚುಕ್ಕೆಯ ಬಳಿಯೂ ಒಂದೇ ಪ್ರಶ್ನೆ ಕೇಳುತ್ತದೆ: ಇಲ್ಲಿ ಕಾಣುವುದು ಕಾರೋ, ಆಕಾಶವೋ? ಅಂಚು ಚುಕ್ಕೆಯ ನಡುವೆ ಹಾದುಹೋದರೂ ಉತ್ತರ ಎರಡರಲ್ಲೊಂದೇ, ಅರ್ಧ ಕಾರು ಅರ್ಧ ಆಕಾಶ ಎಂಬ ಉತ್ತರವಿಲ್ಲ. ಆದ್ದರಿಂದ ಓರೆಗೆರೆ ಮೆಟ್ಟಿಲಾಗುತ್ತದೆ. ಇನ್ನೂ ತೊಂದರೆ ತೆಳ್ಳಗಿನ ವಸ್ತುಗಳದ್ದು. ಮೊಬೈಲಿನಲ್ಲಿ ಅಡಿಕೆ ತೋಟದ ಫೋಟೊ ತೆಗೆದು ಆಚೆ ತುದಿಯ ಮರಗಳನ್ನು ದೊಡ್ಡದು ಮಾಡಿ ನೋಡಿ, ಕಾಂಡ ಒಂದೆರಡು ಚುಕ್ಕೆಯಷ್ಟೇ ಅಗಲ ಉಳಿದಿರುತ್ತದೆ. ಆಟದೊಳಗಿನ ದೂರದ ಕಂಬ, ಬೇಲಿ, ತಂತಿಗಳು ಒಂದು ಚುಕ್ಕೆಗಿಂತಲೂ ಸಪೂರವಾದಾಗ ಈ ಕ್ಷಣ ಸಿಕ್ಕಿ ಮರುಕ್ಷಣ ತಪ್ಪಿಹೋಗುತ್ತವೆ. ನಾವು ನಡೆದಂತೆಲ್ಲ ಅವು ಮಿಣುಕುವುದು ಇದರಿಂದಲೇ.

ಚಿಪ್ ಮಾಡುವ ತಿದ್ದುಪಡಿ

ಚಿಪ್ ಏನು ಮಾಡುತ್ತದೆ ಎಂಬುದನ್ನು ಅಂಕಿಯಲ್ಲೇ ನೋಡಬಹುದು. ಕಪ್ಪಿಗೆ 0, ಬಿಳಿಗೆ 255 ಎಂದಿಟ್ಟುಕೊಳ್ಳಿ. ಒಂದು ಸಾಲಿನಲ್ಲಿ 0, 0, 0, 255, 255 ಎಂದು ಬಂದಿದೆ. ಅದರ ಕೆಳಗಿನ ಸಾಲಿನಲ್ಲಿ 0, 0, 255, 255, 255. ಎರಡನ್ನೂ ಒಟ್ಟಿಗೆ ನೋಡಿದ ಚಿಪ್ಪಿಗೆ ಇಲ್ಲೊಂದು ಓರೆಯ ಅಂಚು ಹೋಗುತ್ತಿದೆ ಎಂಬ ಸುಳಿವು ಸಿಗುತ್ತದೆ. ಮೆಟ್ಟಿಲಿನ ಮೂಲೆಯಲ್ಲಿರುವ 255ನ್ನು ಅದು 128ರ ಸುಮಾರಿಗೆ ಇಳಿಸುತ್ತದೆ, ಪಕ್ಕದ 0ಯನ್ನು 60–70ಕ್ಕೆ ಏರಿಸುತ್ತದೆ. ಕಪ್ಪು ಬಿಳುಪಿನ ನಡುವೆ ಬೂದು ಬಣ್ಣ ಸೇರಿದಾಗ ಮೂರು ಮೀಟರ್ ದೂರದ ಕಣ್ಣಿಗೆ ಆ ಮೆಟ್ಟಿಲು ಗೆರೆಯಾಗಿ ಕಾಣುತ್ತದೆ. ಇಡೀ ಚಿತ್ರವನ್ನು ಮಸುಕು ಮಾಡದೆ ಅಂಚನ್ನು ಮಾತ್ರ ಹುಡುಕಿ ಹೀಗೆ ಮಾಡುವುದರಲ್ಲಿ ಚಿಪ್ಪಿನ ಜಾಣತನವಿದೆ.

ಈ ವಿದ್ಯೆ ಇವತ್ತಿನದ್ದಲ್ಲ. ಓರೆಗೆರೆಗಳನ್ನು ಗುರುತಿಸಿ ನಯಗೊಳಿಸುವ ಫರೂಜಾ ಕಂಪೆನಿಯ ತಂತ್ರ ಇಪ್ಪತ್ತು ವರ್ಷಗಳ ಹಿಂದೆಯೇ ಒಳ್ಳೆಯ ಡಿವಿಡಿ ಪ್ಲೇಯರು, ಟಿವಿಗಳಲ್ಲಿ ಹೆಸರು ಮಾಡಿತ್ತು. 2002ರಲ್ಲಿ ಆ ತಂತ್ರಜ್ಞಾನ ಜೆನೆಸಿಸ್ ಮೈಕ್ರೋಚಿಪ್ ಕಂಪೆನಿಯ ಕೈಸೇರಿತು. ಆ ಕಂಪೆನಿಗೆ ಬೆಂಗಳೂರಿನಲ್ಲೂ ಎಂಜಿನಿಯರಿಂಗ್ ಕೇಂದ್ರವಿತ್ತು. ಇವತ್ತು ನಿಮ್ಮ ಟಿವಿಯೊಳಗೂ ಅದೇ ಬಗೆಯ ಚಿತ್ರ ತಿದ್ದುವ ಚಿಪ್ ಇದೆ. ಹಾಗಾದರೆ ಅದು ಸಾಲದೇ? ಸಾಲದು, ಏಕೆಂದರೆ ಅಲ್ಲಿ ಸಮಯದ ತೊಡಕಿದೆ. ಸಿನಿಮಾ ನೋಡುವಾಗ ಟಿವಿ ಚಿತ್ರವನ್ನು ಹಿಡಿದಿಟ್ಟು ನಿಧಾನಕ್ಕೆ ತಿದ್ದಬಹುದು. ಆಟದಲ್ಲಿ ಗುಂಡಿ ಒತ್ತಿದ ಕೂಡಲೇ ಚಿತ್ರ ಬದಲಾಗಬೇಕು. ಅದಕ್ಕೇ ಟಿವಿಯನ್ನು ಗೇಮ್ ಮೋಡಿಗೆ ಹಾಕಿದರೆ ಅದು ತನ್ನ ಬಹುಪಾಲು ತಿದ್ದುಪಡಿಗಳನ್ನು ನಿಲ್ಲಿಸಿಬಿಡುತ್ತದೆ. ಆ ಖಾಲಿ ಜಾಗಕ್ಕೆ ಬಂದದ್ದು ಈ ಕೇಬಲ್.

ಕೇಬಲಿನಿಂದಾಗುವ ತಡ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಎಂದು ತಯಾರಕರು ಹೇಳುತ್ತಾರೆ. ಆ ಮಾತಿನಲ್ಲೇ ಅದರ ಮಿತಿಯೂ ಅಡಗಿದೆ. ಸೆಕೆಂಡಿಗೆ 60 ಚಿತ್ರ ಎಂದರೆ ಒಂದು ಚಿತ್ರ ಪೂರ್ತಿ ಬರಲು 16.7 ಮಿಲಿಸೆಕೆಂಡ್ ಬೇಕು. ಒಂದು ಮಿಲಿಸೆಕೆಂಡಿನೊಳಗೆ ಕೆಲಸ ಮುಗಿಸುವ ಚಿಪ್ ಇಡೀ ಚಿತ್ರಕ್ಕಾಗಿ ಕಾಯುವಂತಿಲ್ಲ, ಕೆಲವು ಸಾಲುಗಳನ್ನು ಮಾತ್ರ ಕೈಯಲ್ಲಿಟ್ಟುಕೊಂಡು ತಿದ್ದಬೇಕು. ಆದ್ದರಿಂದ ನಿಂತ ಮೆಟ್ಟಿಲನ್ನು ಅದು ನಯಗೊಳಿಸಬಲ್ಲುದು, ತಂತಿ–ಬೇಲಿಗಳ ಮಿಣುಕಾಟಕ್ಕೆ ಅದರಲ್ಲಿ ಮದ್ದಿಲ್ಲ. ಈ ಚಿತ್ರದಲ್ಲಿ ಬಿಟ್ಟುಹೋದ ತಂತಿ ಹಿಂದಿನ ಚಿತ್ರದಲ್ಲಿ ಇತ್ತು ಎಂದು ಅದಕ್ಕೆ ಗೊತ್ತೇ ಇಲ್ಲ.

ಕನ್ಸೋಲಿಗೆ ಗೊತ್ತಿರುವುದು, ಕೇಬಲಿಗೆ ಗೊತ್ತಿಲ್ಲದ್ದು

ಯಕ್ಷಗಾನದ ಚೌಕಿಯಿಂದ ರಂಗಸ್ಥಳಕ್ಕೆ ಹೊರಟ ವೇಷವನ್ನು ದಾರಿಯಲ್ಲಿ ಒಬ್ಬರು ನಿಲ್ಲಿಸಿ ಸೋಗೆವಲ್ಲಿಯ ಸುಕ್ಕು ತೆಗೆಯಬಹುದು, ಕದಲಿದ ಭುಜಕೀರ್ತಿಯನ್ನು ಸರಿಪಡಿಸಬಹುದು. ಚೌಕಿಯಲ್ಲೇ ಕಟ್ಟದ ಕಿರೀಟವನ್ನು ಆ ದಾರಿಯಲ್ಲಿ ಕಟ್ಟಲಾಗದು. ಕೇಬಲಿನ ಸ್ಥಾನವೂ ಅದೇ. ಮುಗಿದ ಚಿತ್ರ ಮಾತ್ರ ಅದರ ಕೈಗೆ ಬರುತ್ತದೆ.

ಕನ್ಸೋಲಿಗೆ ಗೊತ್ತಿರುವುದು ಬಹಳ. ಯಾವ ವಸ್ತು ಎಷ್ಟು ದೂರದಲ್ಲಿದೆ, ಯಾವುದು ಎತ್ತ ಚಲಿಸುತ್ತಿದೆ, ಹಿಂದಿನ ಚಿತ್ರದಲ್ಲಿ ಅದು ಎಲ್ಲಿತ್ತು, ಎಲ್ಲವೂ ಅದರ ಲೆಕ್ಕದಲ್ಲಿದೆ. ಇಂಟೆಲ್ ಕಂಪೆನಿಯ ಸಂಶೋಧಕ ಅಲೆಕ್ಸಾಂಡರ್ ರೆಶೆಟೊವ್ 2009ರಲ್ಲಿ ಮುಗಿದ ಚಿತ್ರದ ಅಂಚಿನ ಆಕಾರ ನೋಡಿಯೇ ಮೆಟ್ಟಿಲು ಅಳಿಸುವ ಎಂಎಲ್‌ಎಎ ವಿಧಾನವನ್ನು ಪ್ರಕಟಿಸಿದರು. ಮರುವರ್ಷವೇ ಪ್ಲೇಸ್ಟೇಷನ್ 3ರ ‘ಗಾಡ್ ಆಫ್ ವಾರ್ 3’ ಅದನ್ನು ಕನ್ಸೋಲಿನೊಳಗೇ ಬಳಸಿತು. ಕೇಬಲಿನ ಚಿಪ್ ಮಾಡುವುದೂ ಹೆಚ್ಚುಕಡಿಮೆ ಇದೇ ಜಾತಿಯ ಕೆಲಸ. ಆದರೆ ಆಟ ತಯಾರಿಸುವವರು ಅಲ್ಲಿಗೇ ನಿಲ್ಲಲಿಲ್ಲ. ಹಿಂದಿನ ಚಿತ್ರಗಳ ನೆನಪನ್ನೂ ಚಲನೆಯ ಲೆಕ್ಕವನ್ನೂ ಸೇರಿಸಿ ಕಡಿಮೆ ಚುಕ್ಕೆಗಳಿಂದ ಹೆಚ್ಚು ಚುಕ್ಕೆ ಕಟ್ಟುವ ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಮುಂತಾದ ವಿಧಾನಗಳು ಬಂದವು. 2024ರ ಪ್ಲೇಸ್ಟೇಷನ್ 5 ಪ್ರೊ, 2025ರ ನಿಂಟೆಂಡೊ ಸ್ವಿಚ್ 2 ಎರಡೂ ಇಂಥ ವಿದ್ಯೆಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಬಂದಿವೆ. ಇವು ಹಿಂದಿನ ಚಿತ್ರಗಳಲ್ಲಿ ಇದ್ದ ವಿವರವನ್ನು ಹೆಕ್ಕಿ ತರುತ್ತವೆ. ಕೇಬಲ್ ಇದ್ದ ವಿವರದ ಅಂಚನ್ನು ತೀಡುತ್ತದೆ, ಹೊಸ ವಿವರ ತರುವುದಿಲ್ಲ.

ಯಾರಿಗೆ ಉಪಯೋಗ

ಕೇಬಲಿಗೆ ಹೇಳಿ ಮಾಡಿಸಿದಂಥ ಆಟ ಯಾವುದೆಂದರೆ ಮೊದಲ ನಿಂಟೆಂಡೊ ಸ್ವಿಚ್‌ನ ‘ಮಾರಿಯೊ ಕಾರ್ಟ್ 8 ಡಿಲಕ್ಸ್’. 2017ರ ಈ ಆಟ ಟಿವಿಯಲ್ಲಿ ಪೂರ್ಣ 1080ಪಿಯಲ್ಲಿ ಓಡುತ್ತದೆ, ಮೆಟ್ಟಿಲು ಅಳಿಸುವ ಯಾವ ಏರ್ಪಾಡೂ ಅದರಲ್ಲಿಲ್ಲ. ದಟ್ಟ ಬಣ್ಣ, ಸ್ಪಷ್ಟ ಅಂಚು, ಚುಕ್ಕೆಗೆ ಚುಕ್ಕೆ ನಿಖರವಾದ ಮೆಟ್ಟಿಲು. ಇಂಥ ಕಡೆ ಚಿಪ್ ಅಂಚುಗಳನ್ನು ಸುಲಭವಾಗಿ ಹಿಡಿಯುತ್ತದೆ, ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ಪ್ಲೇಸ್ಟೇಷನ್ 3ರ ವಿಷಯ ಆಟದಿಂದ ಆಟಕ್ಕೆ ಬೇರೆ. ನಿಜವಾಗಿ 720ಪಿಯಲ್ಲಿ ಓಡುವ ಆಟಗಳಲ್ಲಿ ಸ್ವಲ್ಪ ಸುಧಾರಣೆ ನಿರೀಕ್ಷಿಸಬಹುದು. ಆದರೆ ಈ ಕನ್ಸೋಲಿನಲ್ಲಿ ‘ಜಿಟಿಎ 4’ ಸಿದ್ಧವಾಗುವುದು 1152×640 ಚುಕ್ಕೆಗಳಲ್ಲಿ, ‘ಕಾಲ್ ಆಫ್ ಡ್ಯೂಟಿ 4’ 1024×600ರಲ್ಲಿ. ಅವನ್ನು ಕನ್ಸೋಲೇ ಹಿಗ್ಗಿಸಿ 720ಪಿ ಮಾಡಿ ಕಳಿಸುತ್ತದೆ. ಹಿಗ್ಗಿಸುವಾಗಲೇ ಅಂಚು ಮಸುಕಾಗಿರುತ್ತದೆ. ಮಸುಕಾದ ಅಂಚಿನಲ್ಲಿ ಮೆಟ್ಟಿಲು ಎಲ್ಲಿ ಶುರುವಾಯಿತೆಂದು ಚಿಪ್ ಗುರುತಿಸುವುದು ಕಷ್ಟ.

ಪ್ಲೇಸ್ಟೇಷನ್ 5 ಇರುವವರು ಈ ಯೋಚನೆಯನ್ನೇ ಬಿಡಬಹುದು. 4ಕೆ ಚಿತ್ರ ಬಂದರೆ ಇಂಥ ಚಿಪ್ ಅದನ್ನು ತಿದ್ದಲು ಕೈ ಹಾಕುವುದಿಲ್ಲ. ಅದಕ್ಕೆ ಕೆಲಸ ಕೊಡಲೆಂದು ಕನ್ಸೋಲನ್ನು 1080ಪಿಗೆ ಇಳಿಸಿದರೆ ಕಳೆದುಕೊಳ್ಳುವುದೇ ಹೆಚ್ಚು. ಆ ಕನ್ಸೋಲಿನ ಪೆಟ್ಟಿಗೆಯಲ್ಲೇ ಅತಿ ವೇಗದ ಒಳ್ಳೆಯ ಕೇಬಲ್ ಕೊಟ್ಟಿರುತ್ತಾರೆ, ಬೇರೆಯದ್ದರ ಅಗತ್ಯವಿಲ್ಲ.

ಹಳೆಯ ಪ್ಲೇಸ್ಟೇಷನ್ 2: ಕೇಬಲ್ ನಿಜಕ್ಕೂ ಮುಖ್ಯವಾಗುವ ಜಾಗ

ಹಳದಿ, ಕೆಂಪು, ಬಿಳಿ ಪಿನ್ನುಗಳ ವಯರು ನೆನಪಿದೆಯಲ್ಲ? ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದ ಪ್ಲೇಸ್ಟೇಷನ್ 2 ಬರುತ್ತಿದ್ದುದು ಆ ವಯರಿನೊಂದಿಗೆ. ಕೆಂಪು, ಬಿಳಿ ಧ್ವನಿಗೆ, ಚಿತ್ರವೆಲ್ಲ ಹಳದಿ ಪಿನ್ನಿನಲ್ಲಿ. ಬೆಳಕಿನ ವಿವರ, ಬಣ್ಣದ ವಿವರ ಎರಡನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸುವುದರಿಂದ ಟಿವಿ ಅವನ್ನು ಮತ್ತೆ ಪೂರ್ತಿ ಬೇರ್ಪಡಿಸಲಾರದು. ಬಣ್ಣ ಅಂಚು ದಾಟಿ ಸೋರುತ್ತದೆ, ಅಕ್ಷರಗಳು ಕಲಸಿಕೊಳ್ಳುತ್ತವೆ.

ಇಲ್ಲಿ ಯಾವ ಚಿಪ್ಪೂ ಇಲ್ಲದ ಕಾಂಪೊನೆಂಟ್ ಕೇಬಲ್ ದೊಡ್ಡ ಬದಲಾವಣೆ ತರುತ್ತದೆ. ಚಿತ್ರಕ್ಕೇ ಹಸಿರು, ನೀಲಿ, ಕೆಂಪು ಎಂದು ಮೂರು ಪಿನ್ನು, ಬೆಳಕು ಮತ್ತು ಬಣ್ಣಕ್ಕೆ ಬೇರೆ ಬೇರೆ ದಾರಿ. ಸಂಕೇತ ಕೆಡುವುದೇ ದಾರಿಯಲ್ಲಾದರೆ ದಾರಿ ಬದಲಿಸಿದಾಗ ಚಿತ್ರವೂ ಸುಧಾರಿಸುತ್ತದೆ. ಅದೇ ಹಳದಿ ಪಿನ್ನನ್ನು ಎಚ್‌ಡಿಎಂಐ ಮಾಡುವ ಅಗ್ಗದ ಡಬ್ಬಿ ತಂದರೆ ಪ್ರಯೋಜನ ಕಡಿಮೆ. ಬೆರೆತುಹೋದ ಮೇಲೆ ಅದು ಏನನ್ನು ಬೇರ್ಪಡಿಸೀತು? ಹಳೆಯ ಕನ್ಸೋಲುಗಳ ಮೇಲೆ ಅಪಾರ ಪ್ರೀತಿ ಇರುವವರಿಗಾಗಿ ರೆಟ್ರೊಟಿಂಕ್, ಒಎಸ್‌ಎಸ್‌ಸಿ ಎಂಬ ಪ್ರತ್ಯೇಕ ಯಂತ್ರಗಳಿವೆ. 2023ರಲ್ಲಿ ಬಂದಾಗ ರೆಟ್ರೊಟಿಂಕ್ 4ಕೆಯ ಬೆಲೆ 750 ಡಾಲರ್ ಇತ್ತು. ಅದು ಸಂಗ್ರಹಕಾರರ ದಾರಿ, ಮನೆಮಕ್ಕಳ ಆಟಕ್ಕೆ ಬೇಕಿಲ್ಲ.

ಖರ್ಚಿಲ್ಲದ ಚಿಕಿತ್ಸೆ

ಆಲಂಕಾರು ಕಡೆಯ ನೆಂಟರ ಮನೆಯಲ್ಲಿ ಹುಡುಗನೊಬ್ಬ ಇದೇ ಕೇಬಲ್ ತರಿಸಬೇಕೆಂದು ಹಟ ಹಿಡಿದಿದ್ದ. ಅವನ ಟಿವಿಯ ಸೆಟ್ಟಿಂಗ್ ತೆರೆದು ನೋಡಿದೆ. ಶಾರ್ಪ್‌ನೆಸ್ ತುತ್ತತುದಿಯಲ್ಲಿತ್ತು. ಆ ಮಟ್ಟದಲ್ಲಿ ಟಿವಿ ಪ್ರತಿ ಅಂಚಿನ ಸುತ್ತ ಬಿಳಿಯ ಗೆರೆ ಎಳೆದು ಇದ್ದ ಮೆಟ್ಟಿಲನ್ನು ಎತ್ತಿ ತೋರಿಸುತ್ತದೆ. ಅವನು ಆಡುತ್ತಿದ್ದ ಕಾರಿನ ಆಟದಲ್ಲಿ ಪರದೆಯ ಮೂಲೆಯಲ್ಲಿರುವ ವೇಗದ ಮೀಟರ್ ಅರ್ಧ ತುಂಡಾಗಿತ್ತು. ಅಂದರೆ ಟಿವಿ ಚಿತ್ರದ ಅಂಚುಗಳನ್ನು ಕತ್ತರಿಸಿ, ಉಳಿದದ್ದನ್ನು ಹಿಗ್ಗಿಸಿ ತೋರಿಸುತ್ತಿತ್ತು. ಹಳೆಯ ಡಬ್ಬಾ ಟಿವಿ ಕಾಲದಿಂದ ಉಳಿದುಬಂದ ಈ ಅಭ್ಯಾಸಕ್ಕೆ ಓವರ್‌ಸ್ಕ್ಯಾನ್ ಎನ್ನುತ್ತಾರೆ. ಎಲ್‌ಜಿ ಟಿವಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗಿನಲ್ಲಿ ‘ಸ್ಕ್ರೀನ್ ಫಿಟ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’ ಎಂಬ ಆಯ್ಕೆ ಒತ್ತಿದರೆ ಅದು ನಿಲ್ಲುತ್ತದೆ. ಅದನ್ನು ಒತ್ತಿ, ಶಾರ್ಪ್‌ನೆಸ್ ಇಳಿಸಿ, ಗೇಮ್ ಮೋಡ್ ಹಾಕಿಕೊಟ್ಟೆ. ಕಾರು ತಿರುವಿನಲ್ಲಿ ಹೊರಳಿದ್ದೇ ಹುಡುಗ, “ಮಾವ, ಸ್ಟೇರಿಂಗ್ ಈಗ ಹೇಳಿದ ಹಾಗೆ ಕೇಳ್ತದೆ! ಗೆರೆಯೂ ಮೊದಲಿನಷ್ಟು ಒರಟಿಲ್ಲ” ಎಂದ. “ಹಾಗಾದ್ರೆ ಹತ್ತು ಸಾವಿರ ಉಳಿಯಿತಲ್ಲ ಮಾರಾಯ” ಎಂದರು ಅವನ ಅಪ್ಪ.

ಕನ್ಸೋಲಿನ ಸೆಟ್ಟಿಂಗಿನಲ್ಲೂ ಒಂದು ಕಡೆ ಕಣ್ಣು ಹಾಯಿಸಿ. ಆರ್‌ಜಿಬಿ ಶ್ರೇಣಿ ‘ಫುಲ್’ ಎಂದೂ ಟಿವಿಯಲ್ಲಿ ‘ಲಿಮಿಟೆಡ್’ ಎಂದೂ ಇದ್ದರೆ ಕತ್ತಲೆಯ ದೃಶ್ಯದ ವಿವರವೆಲ್ಲ ಕಪ್ಪಿನಲ್ಲಿ ಮುಳುಗುತ್ತದೆ. ಅದಲುಬದಲಾದರೆ ಕಪ್ಪು ಬೂದಿಯಂತಾಗುತ್ತದೆ. ಎರಡೂ ಕಡೆ ಒಂದೇ ಆಯ್ಕೆ ಇರಲಿ.

ನಮ್ಮ ಊರಿಗೇ ಬೇಕಾದ ಎಚ್ಚರಿಕೆ ಇನ್ನೊಂದು. ಎಪ್ರಿಲ್–ಮೇಯಲ್ಲೂ ಅಕ್ಟೋಬರ್–ನವೆಂಬರಲ್ಲೂ ಗುಡುಗು ಸಿಡಿಲು ಶುರುವಾದರೆ ಟಿವಿಯ ಪ್ಲಗ್ ತೆಗೆಯುವುದು ಎಲ್ಲರಿಗೂ ರೂಢಿ. ಡಿಶ್ ವಯರನ್ನೂ ಎಚ್‌ಡಿಎಂಐ ಕೇಬಲನ್ನೂ ಮರೆಯುತ್ತೇವೆ. ಡಿಶ್ ವಯರಿನಿಂದ ಟಿವಿಗೆ ಬಂದ ಏಟು ಎಚ್‌ಡಿಎಂಐ ಮೂಲಕ ಕನ್ಸೋಲಿಗೂ ದಾಟಬಹುದು. ನಡುವೆ ಹತ್ತು ಸಾವಿರದ ಚಿಪ್ ಇದ್ದರೆ ಅದೂ ಹೋಗುತ್ತದೆ. ಗುಡುಗು ಸಿಡಿಲು ಶುರುವಾಗುವ ಮುಂಚೆಯೇ ಎಲ್ಲ ವಯರುಗಳನ್ನೂ ಕಳಚಿಡಿ.

ಕೊಳ್ಳುವ ಮುಂಚೆ

ಕೇಬಲಿನಲ್ಲಿ ನಿಜಕ್ಕೂ ಚಿತ್ರ ತಿದ್ದುವ ಚಿಪ್ ಇದೆಯೇ ಎಂದು ತಿಳಿಯಲು ಅಂಗಡಿಯಲ್ಲಿ ಎರಡು ಪ್ರಶ್ನೆ ಸಾಕು. ಇದಕ್ಕೆ ವಿದ್ಯುತ್ ಎಲ್ಲಿಂದ? ಬರುವ ಚಿತ್ರ ಎಷ್ಟರದ್ದು, ಹೋಗುವ ಚಿತ್ರ ಎಷ್ಟರದ್ದು? ಎಚ್‌ಡಿಎಂಐ ವಯರಿನೊಳಗೇ ಹರಿಯುವ ವಿದ್ಯುತ್ ತೀರಾ ಕಡಿಮೆ, ಆದ್ದರಿಂದ ಎಂಕೇಬಲಿನಂಥ ಸಾಧನಕ್ಕೆ ಯುಎಸ್‌ಬಿ ಬಾಲ ಇರುತ್ತದೆ. ತುದಿಗಳ ಮೇಲಿನ ಗುರುತನ್ನಷ್ಟೇ ನಂಬಬೇಡಿ, ಸಭಾಭವನಗಳಲ್ಲಿ ಬಳಸುವ ಉದ್ದನೆಯ ಆಪ್ಟಿಕಲ್ ಕೇಬಲಿಗೂ ಒಂದು ತುದಿ ಕನ್ಸೋಲಿಗೆ, ಇನ್ನೊಂದು ಟಿವಿಗೆ ಎಂಬ ಗುರುತಿರುತ್ತದೆ. ಅದರೊಳಗಿನ ಚಿಪ್ ಸಂಕೇತವನ್ನು ದೂರ ಸಾಗಿಸಲಿಕ್ಕೆ ಮಾತ್ರ, ಚಿತ್ರವನ್ನು ಅದು ಮುಟ್ಟುವುದಿಲ್ಲ. ಎರಡು ಪ್ರಶ್ನೆಗೂ ಉತ್ತರವಿಲ್ಲದೆ ಪೆಟ್ಟಿಗೆಯ ಮೇಲೆ ‘ಗೇಮಿಂಗ್’ ಎಂದಷ್ಟೇ ಬರೆದಿದ್ದರೆ ಅದು ಸಾದಾ ವಯರು.

ನನ್ನ ಅಭಿಪ್ರಾಯ ಸ್ಪಷ್ಟ. ಹಳೆಯ ಸ್ವಿಚ್ ಇದ್ದು, ದೊಡ್ಡ ಟಿವಿಯ ಹತ್ತಿರ ಕುಳಿತು ದಿನವೂ ಆಡುವವರು, ಸೆಟ್ಟಿಂಗುಗಳನ್ನೆಲ್ಲ ಸರಿಪಡಿಸಿದ ಮೇಲೂ ಮೆಟ್ಟಿಲು ಕಣ್ಣಿಗೆ ಚುಚ್ಚುತ್ತಿದ್ದರೆ ಇದನ್ನು ಕೊಳ್ಳಬಹುದು. ವಾಪಸು ಕೊಡುವ ಅವಕಾಶ ಇರುವ ಕಡೆಯೇ ಕೊಳ್ಳಿ. ಪ್ಲೇಸ್ಟೇಷನ್ 3 ಅಥವಾ ಎಕ್ಸ್‌ಬಾಕ್ಸ್ 360 ಇರುವವರು ಆ ಹಣವನ್ನು ಮುಂದಿನ ಕನ್ಸೋಲಿಗೆಂದು ಎತ್ತಿಡುವುದು ಮೇಲು, ಅದರಿಂದ ಸಿಗುವ ಸುಧಾರಣೆಗೆ ಯಾವ ಕೇಬಲೂ ಸಾಟಿಯಲ್ಲ. ಪ್ಲೇಸ್ಟೇಷನ್ 2 ಇರುವವರು ಟಿವಿಯ ಹಿಂಬದಿಯಲ್ಲಿ ಕಾಂಪೊನೆಂಟ್ ತೂತುಗಳಿವೆಯೇ ನೋಡಿ, ಇದ್ದರೆ ಆ ಸಾದಾ ವಯರು ತನ್ನಿ.

ಪುತ್ತೂರು, ಸುಳ್ಯದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಚಿಪ್ಪಿನೊಳಗಿನ ಈ ವಿದ್ಯೆ ಗುಟ್ಟಿನದ್ದಲ್ಲ. ರೆಶೆಟೊವ್ ಅವರ ಪ್ರಬಂಧ ಓದಲು ಸಿಗುತ್ತದೆ, ಅದೇ ಬಗೆಯ ಎಫ್‌ಎಕ್ಸ್‌ಎಎ ವಿಧಾನವನ್ನು ಎನ್‌ವಿಡಿಯಾ ಎಲ್ಲರಿಗೂ ಸಿಗುವಂತೆ ಬಿಟ್ಟಿದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೇ ಬರೆದು ನೋಡಬಹುದು. ಆಟದ ಉದ್ಯಮ ಕಟ್ಟಿದವರೂ ನಮ್ಮಲ್ಲೇ ಇದ್ದಾರೆ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರ್ಯಾಕ್ಟಿವ್ ಶುರುಮಾಡಿದಾಗ ಇಲ್ಲಿ ಆಟ ತಯಾರಿಸುವ ಉದ್ಯಮವೇ ಹೆಚ್ಚುಕಡಿಮೆ ಇರಲಿಲ್ಲ. ಆ ಸಂಸ್ಥೆಯ ಕಲಾವಿದರು ‘ಫೋರ್ಜಾ’ ಸರಣಿಯಂಥ ದೊಡ್ಡ ಆಟಗಳಿಗೆ ಕೆಲಸ ಮಾಡಿದರು, 2019ರಲ್ಲಿ ಆಟ ತಯಾರಿಸುವ ರಾಕ್‌ಸ್ಟಾರ್ ಕಂಪೆನಿ ಅದನ್ನು ಕೊಂಡುಕೊಂಡಿತು. ಚಿತ್ರ ಚಂದವಾಗುವುದು ಮೊದಲು ಅದನ್ನು ಬರೆಯುವ ಕೈಯಲ್ಲಿ, ಆಮೇಲೆ ಅದನ್ನು ಕಟ್ಟುವ ಯಂತ್ರದಲ್ಲಿ. ವಯರಿನ ಪಾಲು ಕಟ್ಟಕಡೆಯದು. ಕೈಯಲ್ಲಿರುವ ಹಣವನ್ನೂ ಅದೇ ಕ್ರಮದಲ್ಲಿ ಖರ್ಚು ಮಾಡಿ.